ಖಾಸಗಿ ಕಲಾ ಕಾಲೇಜಿನಲ್ಲಿ ಫೈನ್ ಆರ್ಟ್ ಹೆಚ್‌ಓಡಿ ಆಗಿ ಅಂತಿದ್ದಾರೆ, ಒಪ್ಪುವ ಮುಂಚೆ ಏನು ಕೇಳಬೇಕು?

ಕೈದಾಳದ ಕುಂಚ (ತುಮಕೂರು)

ಎಲ್ಲರಿಗೂ ನಮಸ್ಕಾರ. ತುಮಕೂರಿನ ಒಂದು ಖಾಸಗಿ ಕಲಾ ಕಾಲೇಜಿನಲ್ಲಿ ಪೇಂಟಿಂಗ್ ಕಲಿಸುತ್ತಿದ್ದೇನೆ. ಸರ್ಕಾರದ ಅನುದಾನ ಇಲ್ಲ. ಟ್ರಸ್ಟ್ ನಡೆಸುವ ಸಂಸ್ಥೆ, ಮಕ್ಕಳ ಫೀಸಿನಲ್ಲೇ ಎಲ್ಲ ಸಾಗಬೇಕು. ನಮ್ಮ ಹೆಚ್‌ಓಡಿ (ವಿಭಾಗದ ಮುಖ್ಯಸ್ಥರು) ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಮೊನ್ನೆ ಸೆಕ್ರೆಟರಿ ಕರೆದು "ಇನ್ನು ಮುಂದೆ ನೀವೇ ನೋಡಿಕೊಳ್ಳಿ" ಅಂದರು. ಯೋಚಿಸಿ ಹೇಳುತ್ತೇನೆ ಸಾರ್ ಅಂತ ಹೇಳಿ ಬಂದಿದ್ದೇನೆ.

ನಮ್ಮಲ್ಲಿ ಪೇಂಟಿಂಗ್, ಶಿಲ್ಪ, ಪ್ರಿಂಟ್‌ಮೇಕಿಂಗ್ (ಪ್ಲೇಟು, ಬ್ಲಾಕಿನಿಂದ ಚಿತ್ರ ಅಚ್ಚು ತೆಗೆಯುವುದು) ಮೂರೂ ಸೇರಿ ಒಂದೇ ವಿಭಾಗ. ಪಕ್ಕದಲ್ಲಿ ಅಪ್ಲೈಡ್ ಆರ್ಟ್ (ಜಾಹೀರಾತು, ವಿನ್ಯಾಸದ ಕಲೆ) ಮತ್ತು ಅನಿಮೇಷನ್ ಇದೆ, ಅಲ್ಲಿ ಸೀಟು ತುಂಬುತ್ತದೆ. ನಮ್ಮ ಕಡೆ ಮೊದಲ ವರ್ಷದ ಫೌಂಡೇಶನ್ ಮುಗಿಸಿ ಬರುವವರು ವರ್ಷವರ್ಷ ಕಡಿಮೆಯಾಗುತ್ತಿದ್ದಾರೆ. ಮ್ಯಾನೇಜ್ಮೆಂಟಿನ ಕಣ್ಣು ಈಗ ಪ್ರೆಸ್ ರೂಮಿನ ಮೇಲೆ ಬಿದ್ದಿದೆ, ಎಚಿಂಗ್ ಪ್ರೆಸ್ (ಆಸಿಡ್‌ನಲ್ಲಿ ಗೆರೆ ಕೊರೆದ ಲೋಹದ ಪ್ಲೇಟಿನಿಂದ ಪ್ರಿಂಟ್ ತೆಗೆಯುವ ಯಂತ್ರ) ಎತ್ತಿಸಿ ಅಲ್ಲಿ ಇನ್ನೊಂದು ಕಂಪ್ಯೂಟರ್ ಲ್ಯಾಬ್ ಮಾಡಬೇಕಂತೆ. ಸ್ಟುಡಿಯೋ ಅವಧಿಯನ್ನೂ ಥಿಯರಿ ಕ್ಲಾಸಿನ ಹಾಗೆ ಗಂಟೆ ಗಂಟೆಗೆ ಕತ್ತರಿಸುವ ಮಾತು ನಡೆಯುತ್ತಿದೆ.

ಇನ್ನೊಂದು ಮುಜುಗರ. ಶಿಲ್ಪ ಕಲಿಸುವ ಮೇಷ್ಟ್ರು ನನಗೇ ಕಲಿಸಿದವರು. ವಯಸ್ಸಿನಲ್ಲೂ ಕೆಲಸದಲ್ಲೂ ಹಿರಿಯರು. ಕಂಪ್ಯೂಟರು, ಫೈಲು ಅಂದರೆ ಅವರಿಗೆ ಆಗುವುದಿಲ್ಲ, ಅದಕ್ಕೇ ನನ್ನನ್ನು ಕೇಳಿದ್ದಾರೆ ಅಂತ ಗೊತ್ತು. ಅವರ ಮೇಲೆ ನಾನು ಕೂರುವುದು ಹೇಗೆ? ಮತ್ತೆ ನನ್ನ ಸ್ವಂತ ಪೇಂಟಿಂಗ್ ಕಥೆ ಏನಾಗುತ್ತದೆ ಅನ್ನುವುದೂ ಇದೆ. ಸಂಬಳದಲ್ಲಿ ಹೇಳಿಕೊಳ್ಳುವಷ್ಟು ಏರಿಕೆಯಂತೂ ಇಲ್ಲ.

"ಧೈರ್ಯವಾಗಿ ಒಪ್ಪಿಕೊಳ್ಳಿ" ಅನ್ನುವ ಮಾತು ಮನೆಯಲ್ಲೇ ಸಾಕಷ್ಟು ಸಿಕ್ಕಿದೆ. ಈ ಕೆಲಸ ಮಾಡಿದವರು, ಹತ್ತಿರದಿಂದ ನೋಡಿದವರು ಇದ್ದರೆ ಹೇಳಿ. ಹೂಂ ಅನ್ನುವ ಮುಂಚೆ ಏನೇನು ಕೇಳಬೇಕು?

---

ಖಾಲಿ ಈಸಲ್

ಒಪ್ಪಬೇಡಿ. ಅಷ್ಟೇ ನನ್ನ ಉತ್ತರ.

ಹೆಚ್‌ಓಡಿ ಆದ ಪೇಂಟರ್ ಭಾನುವಾರದ ಪೇಂಟರ್ ಆಗುತ್ತಾನೆ. ಆಮೇಲೆ ಭಾನುವಾರವೂ ಹೋಗುತ್ತದೆ, ಯಾಕೆಂದರೆ ಟ್ರಸ್ಟಿಗಳಿಗೆ ಬಿಡುವು ಸಿಗುವುದು ಅವತ್ತೇ, ಮೀಟಿಂಗ್ ಇಡುವುದೂ ಅವತ್ತೇ. ಅಧಿಕಾರ ಅವರ ಹತ್ತಿರ, ಬೈಗುಳ ನಿಮ್ಮ ಹತ್ತಿರ. ಅಡ್ಮಿಶನ್ ಕಡಿಮೆಯಾದರೆ ನೀವು ಸರಿಯಿಲ್ಲ, ಜಾಸ್ತಿಯಾದರೆ ಅವರ ಬ್ಯಾನರ್ ಚೆನ್ನಾಗಿತ್ತು.

---

ನಿವೃತ್ತ ಡ್ರಾಯಿಂಗ್ ಮೇಷ್ಟ್ರು (ಕೋಲಾರ)

ಖಾಲಿ ಈಸಲ್ ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಪೂರ್ತಿ ಒಪ್ಪಲಾರೆ. ಚಿತ್ರಕಾರ ಎನ್.ಎಸ್. ಬೇಂದ್ರೆ 1950ರಲ್ಲಿ ಬರೋಡಾಕ್ಕೆ ಹೋಗಿ ಪೇಂಟಿಂಗ್ ವಿಭಾಗ ಕಟ್ಟಿದರು, 1959ರಲ್ಲಿ ಡೀನ್ ಆದರು, 1966ರವರೆಗೂ ಅಲ್ಲೇ ಇದ್ದರು. 1955ರಲ್ಲಿ ಅವರಿಗೆ ರಾಷ್ಟ್ರೀಯ ಪ್ರಶಸ್ತಿ ಬಂದಿದ್ದು ಆ ಕೆಲಸದ ನಡುವೆಯೇ. ಕೆ.ಜಿ. ಸುಬ್ರಹ್ಮಣ್ಯನ್ ಅವರದ್ದೂ ಹಾಗೇ, ಬರೋಡಾ ಮತ್ತೆ ಶಾಂತಿನಿಕೇತನ ಎರಡೂ ಕಡೆ ಪಾಠ ಮಾಡಿದರು, ಕೈ ನಿಲ್ಲಿಸಲಿಲ್ಲ. ಅವರಿಗೆ ವಿಶ್ವವಿದ್ಯಾಲಯದ ಆಸರೆ ಇತ್ತು, ನಮಗೆಲ್ಲಿದೆ ಅನ್ನಬಹುದು, ಅದು ನಿಜವೇ. ಆದರೆ ಗದಗಿನಲ್ಲಿ ಕಲಾಶಾಲೆ ಕಟ್ಟಿದ ಟಿ.ಪಿ. ಅಕ್ಕಿ, ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದ ಬಾದಾಮಿಯ ಆರ್.ಎಂ. ಹಡಪದ್ ಅವರಿಗೆ ಯಾವ ಆಸರೆ ಇತ್ತು? ಕರ್ನಾಟಕದಲ್ಲಿ ಚಿತ್ರಕಲೆ ಜಿಲ್ಲೆ ಜಿಲ್ಲೆಗೆ ಹೋಗಿದ್ದೇ ಇಂಥ ಬಡ ಶಾಲೆಗಳಿಂದ.

ಈಗ ಕುಂಚ ಅವರ ಪ್ರಶ್ನೆಗೆ ಬರುತ್ತೇನೆ. ಸಂಬಳದ ಬಗ್ಗೆ ಜಾಸ್ತಿ ಎಳೆದಾಡಬೇಡಿ, ಅದರಲ್ಲಿ ಸಿಗುವುದು ಕಡಿಮೆ. ನೀವು ಕೇಳಬೇಕಾದದ್ದು ವೇಳಾಪಟ್ಟಿ. ಟೈಮ್‌ಟೇಬಲ್ ಹಾಕುವವರು ಯಾರು, ಅದನ್ನು ಬದಲಾಯಿಸುವ ಹಕ್ಕು ಯಾರಿಗೆ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕಲಾ ಕಾಲೇಜಿನಲ್ಲಿ ಹೆಚ್‌ಓಡಿ ಕೈಯಲ್ಲಿ ನಿಜವಾಗಿ ಇರುವುದು ಅದೊಂದೇ. ಮಿಕ್ಕಿದ್ದೆಲ್ಲ ಸಹಿ ಹಾಕುವ ಕೆಲಸ.

ಸ್ಟುಡಿಯೋ ಅವಧಿ ಒಟ್ಟಿಗೆ ಮೂರು ಗಂಟೆಗಿಂತ ಕಡಿಮೆ ಇರಬಾರದು ಅಂತ ನಾನು ಎಲ್ಲ ಕಡೆ ಹಠ ಹಿಡಿಯುತ್ತಿದ್ದೆ. ಕಚೇರಿಯವರಿಗೆ ಇದು ಅರ್ಥವಾಗುವುದಿಲ್ಲ, ಅವರ ತಪ್ಪಲ್ಲ, ಅವರು ಗಣಿತದ ಕ್ಲಾಸು ನೋಡಿದವರು. ನೀವು ಲೈಫ್ ಸ್ಟಡಿಯ ಲೆಕ್ಕ ಹೇಳಿ: ಮಾಡೆಲ್ ಬಂದು ಕೂತು ಭಂಗಿ ಸರಿಯಾಗಬೇಕು, ಬೆಳಕು ನೋಡಬೇಕು, ಮಕ್ಕಳು ಈಸಲ್ ಜಾಗ ಹುಡುಕಬೇಕು, ಅಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಇಪ್ಪತ್ತು ನಿಮಿಷ ಭಂಗಿ, ಐದು ನಿಮಿಷ ವಿರಾಮ, ಮತ್ತೆ ಅದೇ ಭಂಗಿ. ಕೊನೆಗೆ ಬ್ರಶ್ ತೊಳೆಯುವುದಕ್ಕೆ ಹದಿನೈದು ನಿಮಿಷ. ಐವತ್ತು ನಿಮಿಷದ ಪೀರಿಯಡ್‌ನಲ್ಲಿ ಒಂದು ಭಂಗಿ ಕೂಡ ನೆಟ್ಟಗೆ ಆಗುವುದಿಲ್ಲ. ಶಿಲ್ಪದಲ್ಲಿ ಇನ್ನೂ ಕಷ್ಟ. ಮಣ್ಣು ಹದ ಮಾಡಿ, ಹಿಂದಿನ ದಿನ ಮುಚ್ಚಿಟ್ಟ ಒದ್ದೆ ಬಟ್ಟೆ ಬಿಚ್ಚಿ, ಕೈ ಹಾಕುವ ಹೊತ್ತಿಗೆ ಗಂಟೆ ಹೊಡೆಯುತ್ತದೆ.

ಒಮ್ಮೆ ಸೆಕ್ರೆಟರಿಯವರನ್ನೇ ಕರೆದು ಒಂದು ಇಡೀ ಸೆಷನ್ ಕೂರಿಸಿ ನೋಡಿ. ಬೆನ್ನು ನೋಯುತ್ತದೆ, ಆದರೆ ಅರ್ಥವಾಗುತ್ತದೆ.

ನಿಮ್ಮ ಶಿಲ್ಪದ ಮೇಷ್ಟ್ರ ವಿಷಯ. ಆರ್ಡರ್ ಕಾಪಿ ಕೈಗೆ ಬರುವ ಮುಂಚೆ ನೀವೇ ಅವರ ಮನೆಗೆ ಹೋಗಿ. ಕಾಲೇಜಿನಲ್ಲಿ ಅಲ್ಲ, ಮನೆಗೆ. "ನನ್ನನ್ನು ಕೇಳಿದ್ದಾರೆ ಸಾರ್, ನೀವು ಬೇಡ ಅಂದರೆ ನಾನು ಒಪ್ಪುವುದಿಲ್ಲ" ಅಂತ ಹೇಳಿ. ಬೇಡ ಅನ್ನುವ ಗುರುಗಳನ್ನು ನಾನಂತೂ ನೋಡಿಲ್ಲ, ಆದರೆ ಬೇರೆಯವರ ಬಾಯಿಂದ ಕೇಳಿ ಬೇಜಾರು ಮಾಡಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ ಏನೇ ಇದ್ದರೂ ಅವರನ್ನು ನಿಮ್ಮ ಚೇಂಬರಿಗೆ ಕರೆಸಬೇಡಿ, ನೀವೇ ಅವರ ಶೆಡ್ಡಿಗೆ ಹೋಗಿ. ಅವರಿಗೆ ಸುಮ್ನೆ ಗೌರವದ ಕುರ್ಚಿ ಕೊಡುವುದಕ್ಕಿಂತ ಅವರೇ ಮಾಡಬಹುದಾದ ಕೆಲಸ ಕೊಡಿ. ನಮ್ಮ ಜಿಲ್ಲೆಯ ಮಾಲೂರು ತಾಲೂಕಿನ ಶಿವಾರಪಟ್ಟಣಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲಿ, ಊರಿಗೆ ಊರೇ ಕಲ್ಲು ಕೆತ್ತುವವರದು, ಉಳಿ ಹಿಡಿಯುವುದು, ಉಳಿ ಹದ ಮಾಡುವುದು ಅಲ್ಲಿ ನೋಡಬೇಕು. ನಿಮ್ಮ ಪಕ್ಕದಲ್ಲೇ ಗೂಳೂರು ಇದೆ, ಆ ಆಳೆತ್ತರ ಮೀರಿದ ಮಣ್ಣಿನ ಗಣಪತಿ ಎದ್ದು ನಿಲ್ಲುವಾಗ ಒಳಗೆ ಏನು ಆಧಾರ ಕೊಡುತ್ತಾರೆ, ಮಣ್ಣು ಬಿರುಕು ಬಿಡದ ಹಾಗೆ ಏನು ಮಾಡುತ್ತಾರೆ ಅಂತ ಒಂದು ತಿಂಗಳು ಹೋಗಿ ಬಂದು ಸ್ಕೆಚ್ ಮಾಡಿದರೆ ಒಂದು ಸೆಮಿಸ್ಟರಿನ ಪಾಠ.

---

ಝಿಂಕ್ ಪ್ಲೇಟ್ (ಚಿಕ್ಕಬಳ್ಳಾಪುರ)

ನಾನು ಪ್ರಿಂಟ್‌ಮೇಕರ್, ಆದ್ದರಿಂದ ಪ್ರೆಸ್ ರೂಮ್ ಅಂದ ಕೂಡಲೇ ಹೊಟ್ಟೆ ಉರಿಯಿತು.

ಮೊದಲ ಮಾತು: ಪ್ರೆಸ್ಸನ್ನು ಆ ರೂಮಿನಿಂದ ಅಲುಗಾಡಿಸಲು ಬಿಡಬೇಡಿ. "ಸದ್ಯಕ್ಕೆ ಸ್ಟೋರಿನಲ್ಲಿ ಇಡೋಣ" ಅನ್ನುತ್ತಾರೆ. ಎಚಿಂಗ್ ಪ್ರೆಸ್ ಸ್ಟೋರಿಗೆ ಹೋದರೆ ಅಲ್ಲಿಂದ ಗುಜರಿಗೇ. ಬಿಚ್ಚಿದ ಮೇಲೆ ರೋಲರ್ ತುಕ್ಕು ಹಿಡಿಯುತ್ತದೆ, ಬೆಡ್ ಮಟ್ಟ ತಪ್ಪುತ್ತದೆ, ಫೆಲ್ಟ್ (ಪ್ಲೇಟಿನ ಮೇಲೆ ಹಾಸುವ ಉಣ್ಣೆ ಬಟ್ಟೆ) ಇಲಿ ಪಾಲು.

ಅವರು ರೂಮು ಕೇಳುತ್ತಿರುವುದು ಯಾಕೆ? ಖಾಲಿ ಕಾಣಿಸುತ್ತಿದೆ, ಅದಕ್ಕೆ. ಖಾಲಿ ರೂಮನ್ನು ವಾದ ಮಾಡಿ ಉಳಿಸಿಕೊಳ್ಳುವುದಕ್ಕೆ ಆಗುವುದಿಲ್ಲ, ತುಂಬಿಸಿಯೇ ಉಳಿಸಬೇಕು. ಅಪ್ಲೈಡ್ ಆರ್ಟ್ ಮಕ್ಕಳಿಗೆ ವಾರಕ್ಕೆ ಒಂದು ಮಧ್ಯಾಹ್ನ ಲಿನೋ ಮತ್ತೆ ವುಡ್‌ಕಟ್ (ಲಿನೋಲಿಯಂ ಹಾಳೆ, ಮರದ ಹಲಗೆ ಕೆತ್ತಿ ಪ್ರಿಂಟ್ ತೆಗೆಯುವುದು) ಇಡಿ, ಫೌಂಡೇಶನ್ ಮಕ್ಕಳಿಗೆ ಒಂದು ಮಧ್ಯಾಹ್ನ. ಅಕ್ಷರ ಕೆತ್ತಿ ಪ್ರಿಂಟ್ ತೆಗೆದ ಹುಡುಗನಿಗೆ ಟೈಪೋಗ್ರಫಿ ಬೇರೆಯೇ ಥರ ಅರ್ಥವಾಗುತ್ತದೆ, ಇದನ್ನು ಆ ವಿಭಾಗದವರೇ ಒಪ್ಪುತ್ತಾರೆ. ಅವರ ಮಕ್ಕಳೂ ಬರುತ್ತಾರೆ ಅಂದ ಮೇಲೆ ರೂಮು ನಿಮ್ಮೊಬ್ಬರದೇ ಅಲ್ಲ, ಎತ್ತಿಸಿ ಅನ್ನುವುದು ಕಷ್ಟವಾಗುತ್ತದೆ.

ಎರಡನೆಯದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹೆಚ್‌ಓಡಿ ಅಂದರೆ ಏನಾದರೂ ಅನಾಹುತ ಆದಾಗ ಹೆಸರು ಬರುವ ಮನುಷ್ಯ. ಒಪ್ಪಿಕೊಂಡ ಮೊದಲ ವಾರವೇ ಮೂರೂ ಸ್ಟುಡಿಯೋ ಸುತ್ತಿ ನೋಡಿ. ನೈಟ್ರಿಕ್ ಆಸಿಡ್‌ನಲ್ಲಿ ಝಿಂಕ್ ಬಿಟ್ಟಾಗ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಗಾಳಿಗಿಂತ ಭಾರ. ಉಸಿರಿನೊಳಗೆ ಹೋದಾಗ ಸ್ವಲ್ಪ ಕೆಮ್ಮು ಬಂದು ಹೋಗಬಹುದು, ಗಂಟೆಗಟ್ಟಲೆ ಆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಎಷ್ಟೋ ಕಾಲೇಜುಗಳಲ್ಲಿ ಎಕ್ಸಾಸ್ಟ್ ಫ್ಯಾನನ್ನು ಎದುರು ಗೋಡೆಯ ಮೇಲ್ಗಡೆ ಹಾಕಿರುತ್ತಾರೆ, ಹೊಗೆ ಹುಡುಗರ ಮುಖ ಸವರಿಕೊಂಡೇ ಹೊರಗೆ ಹೋಗಬೇಕು. ಫ್ಯಾನು ಆಸಿಡ್ ಟ್ರೇ ಹಿಂಬದಿಯಲ್ಲಿ, ಟ್ರೇ ಮಟ್ಟದಲ್ಲೇ ಎಳೆದುಕೊಳ್ಳುವ ಹಾಗೆ ಇರಬೇಕು. ದುಡ್ಡಿಲ್ಲ ಅಂದರೆ ನೈಟ್ರಿಕ್ ಬಿಟ್ಟೇಬಿಡಿ. ಝಿಂಕ್‌ಗೆ ಮೈಲುತುತ್ತ ಮತ್ತು ಅಡುಗೆ ಉಪ್ಪಿನ ದ್ರಾವಣ ಸಾಕು, ಆ ಕಂದು ಹೊಗೆ ಇಲ್ಲ, ಗೆರೆಯೂ ಚೆನ್ನಾಗಿ ಬರುತ್ತದೆ. ತಾಮ್ರದ ಪ್ಲೇಟಿಗೆ ಫೆರಿಕ್ ಕ್ಲೋರೈಡ್. ಹಾಗಂತ ಅದನ್ನೆಲ್ಲ ಬಳಸಿದ ಮೇಲೆ ಚರಂಡಿಗೆ ಸುರಿಯಬೇಡಿ.

ಪೇಂಟಿಂಗ್ ಕಡೆ ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆ. ಅದನ್ನು ಗುಡ್ಡೆ ಹಾಕಿದರೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಯಾರೂ ಬೆಂಕಿಕಡ್ಡಿ ಗೀರಬೇಕಿಲ್ಲ. ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಅದರೊಳಗೆ ಹಾಕಿಸಿ. ಶಿಲ್ಪದ ಶೆಡ್ಡಿನಲ್ಲಿ ಗ್ರೈಂಡರ್ ಹಿಡಿದು ಗ್ರಾನೈಟ್ ಕೊರೆಯುವಾಗ ಕರ್ಚೀಫ್ ಕಟ್ಟಿಕೊಳ್ಳುತ್ತಾರೆ, ಅದು ಏನೂ ತಡೆಯುವುದಿಲ್ಲ. ಸಿಲಿಕಾ ದೂಳು ಕಣ್ಣಿಗೆ ಕಾಣುವುದಕ್ಕಿಂತ ಸಣ್ಣದು. ನೀರು ಬಿಟ್ಟುಕೊಂಡು ಕೊರೆಯಬೇಕು, ಸರಿಯಾದ ಮಾಸ್ಕ್ ಬೇಕು. ಈ ಖರ್ಚನ್ನು ಮಾತ್ರ "ಮುಂದಿನ ವರ್ಷ ನೋಡೋಣ" ಅನ್ನಲು ಬಿಡಬೇಡಿ.

---

ಪಾವಗಡದ ಹುಡುಗಿ

ನಾನು ಇದೇ ಥರದ ಒಂದು ಕಾಲೇಜಿನಲ್ಲಿ ಓದಿ ಈಗ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ವಿದ್ಯಾರ್ಥಿ ಕಡೆಯಿಂದ ಒಂದಷ್ಟು ಹೇಳಲಾ ಸರ್?

ಸ್ಟುಡಿಯೋ ನಾಲ್ಕೂವರೆಗೆ ಬೀಗ ಹಾಕುತ್ತಿದ್ದರು. ಬಾಡಿಗೆ ರೂಮಿನಲ್ಲಿ ನಾಲ್ಕು ಜನ ಇದ್ದೆವು, ಅಲ್ಲಿ ಆರು ಅಡಿ ಕ್ಯಾನ್ವಾಸ್ ಎಲ್ಲಿ ಒರಗಿಸುವುದು? ನೀವು ಹೆಚ್‌ಓಡಿ ಆದರೆ ದಯವಿಟ್ಟು ಬೀಗದ ಕೈ ವಿಷಯ ಬಗೆಹರಿಸಿ. ಸಂಜೆ ಏಳರವರೆಗೆ ತೆರೆದಿಡಿ. ಆದರೆ ಶಿರಾ, ಮಧುಗಿರಿ, ಕೊರಟಗೆರೆ ಕಡೆಯಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿಯರಿಗೆ ಸಂಜೆ ಏಳು ಯಾವ ಉಪಯೋಗಕ್ಕೂ ಬರುವುದಿಲ್ಲ, ಅವರಿಗೆ ಬೆಳಗ್ಗೆ ಎಂಟಕ್ಕೇ ತೆಗೆದರೆ ಆಗುತ್ತದೆ. ಎರಡೂ ಬೇಕು.

ಕಲಾ ಇತಿಹಾಸ. ನಾವೆಲ್ಲ ಕನ್ನಡ ಮೀಡಿಯಂ. ನೋಟ್ಸ್ ಪೂರ್ತಿ ಇಂಗ್ಲಿಷ್. ರಿನೈಸಾನ್ಸ್ ಬಗ್ಗೆ ಬಾಯಿಪಾಠ ಮಾಡಿ ಬರೆದೆವು, ಆದರೆ ನಮ್ಮ ಜಿಲ್ಲೆಯಲ್ಲೇ ಇರುವ ಅರಳಗುಪ್ಪೆಯ ದೇವಸ್ಥಾನ ನೋಡಿಲ್ಲ. ಮಧುಗಿರಿ ದಾಟಿ ಹಿಂದೂಪುರದ ಮೇಲೆ ಹೋದರೆ ಲೇಪಾಕ್ಷಿ, ಹದಿನಾರನೇ ಶತಮಾನದ ಚಿತ್ರಗಳು ಛಾವಣಿ ತುಂಬ ಇವೆ, ಬೆಳಗ್ಗೆ ಹೊರಟರೆ ರಾತ್ರಿಗೆ ವಾಪಸ್. ಕೋರ್ಸ್ ಮುಗಿಯುವವರೆಗೆ ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾನೇ ಹೋಗಿ ಕತ್ತೆತ್ತಿ ನೋಡಿ ಅತ್ತೆ, ನಿಜವಾಗಲೂ.

ಆಮೇಲೆ ಜ್ಯೂರಿ, ಅಂದರೆ ಮೇಷ್ಟ್ರುಗಳೆಲ್ಲ ಸೇರಿ ನಮ್ಮ ಕೆಲಸ ನೋಡಿ ಅಭಿಪ್ರಾಯ ಹೇಳುವುದು. ಒಬ್ಬ ಸರ್ ಬಂದು ಬಣ್ಣ ಜಾಸ್ತಿ ಆಯಿತು ಅನ್ನುತ್ತಾರೆ, ಇನ್ನೊಬ್ಬರು ಬಂದು ಸಾಲದು ಅನ್ನುತ್ತಾರೆ. ಅದು ಪರವಾಗಿಲ್ಲ, ಅಭಿಪ್ರಾಯ. ಆದರೆ "ಇದನ್ನು ಮನೆಯಲ್ಲಿ ಶೋಕೇಸಿನಲ್ಲಿ ಇಡು ಹೋಗು" ಅಂತ ಎಲ್ಲರ ಮುಂದೆ ನಕ್ಕರೆ ಅವಳು ಮುಂದಿನ ಜ್ಯೂರಿಗೆ ಬರುವುದೇ ಇಲ್ಲ. ನನ್ನ ಜೊತೆಗಿದ್ದವಳು ಬರಲಿಲ್ಲ. ಜ್ಯೂರಿಯಲ್ಲಿ ಮೊದಲು ವಿದ್ಯಾರ್ಥಿ ಮಾತಾಡಬೇಕು, ಕನ್ನಡದಲ್ಲಿ, ಆಮೇಲೆ ಮೇಷ್ಟ್ರುಗಳು ಅನ್ನುವ ನಿಯಮ ಮಾಡಿ ಸರ್. ಖರ್ಚಿಲ್ಲದ ಕೆಲಸ.

---

ಟ್ರಸ್ಟಿನ ಕಡೆಯವನು

ಇಲ್ಲಿ ಎಲ್ಲರೂ ಮ್ಯಾನೇಜ್ಮೆಂಟ್ ಅಂದರೆ ವಿಲನ್ ಅನ್ನುವ ಹಾಗೆ ಬರೆದಿದ್ದೀರಿ. ನಾನು ಒಂದು ಶಿಕ್ಷಣ ಟ್ರಸ್ಟಿನಲ್ಲಿ ಲೆಕ್ಕ ನೋಡುವವನು, ನಮ್ಮದು ಕಲಾ ಕಾಲೇಜಲ್ಲ, ಆದರೂ ಕಷ್ಟ ಒಂದೇ.

ಸೆಕ್ರೆಟರಿ ಹತ್ತಿರ ಹೋಗಿ "ಕಲೆ ಉಳಿಯಬೇಕು" ಅಂದರೆ ಅವರು ತಲೆ ಆಡಿಸುತ್ತಾರೆ, ಕಾಫಿ ತರಿಸುತ್ತಾರೆ, ಅಷ್ಟೇ. ಒಂದು ಹಾಳೆಯಲ್ಲಿ ಲೆಕ್ಕ ತೆಗೆದುಕೊಂಡು ಹೋಗಿ. ವಿಭಾಗದಲ್ಲಿ ಎಷ್ಟು ಮಕ್ಕಳು, ಎಷ್ಟು ಫೀಸು, ಎಷ್ಟು ಸಂಬಳ, ಸಾಮಾನಿಗೆ ಎಷ್ಟು, ಎಷ್ಟು ಕೊರತೆ. ಕೊರತೆ ಇರುವುದನ್ನು ಮುಚ್ಚಿಡಬೇಡಿ, ನಮಗೆ ಹೇಗೂ ಗೊತ್ತಿರುತ್ತದೆ. ನೀವೇ ಹೇಳಿದರೆ ನಂಬಿಕೆ ಬರುತ್ತದೆ. ವಿಶ್ವವಿದ್ಯಾಲಯದಿಂದ ಎಲ್‌ಐಸಿ (ಸ್ಥಳೀಯ ವಿಚಾರಣಾ ಸಮಿತಿ) ಬಂದಾಗ ಕೇಳುವುದು ಸ್ಟುಡಿಯೋ, ಸಲಕರಣೆ, ಅಧ್ಯಾಪಕರ ಅರ್ಹತೆ. ಪ್ರೆಸ್ ಎತ್ತಿಸಿದರೆ ಸಂಯೋಜನೆ ನವೀಕರಣಕ್ಕೆ ತೊಂದರೆ ಆಗಬಹುದಾ ಅಂತ ಸಿಲಬಸ್ ಮುಂದಿಟ್ಟು ಕೇಳಿ. ಹತ್ತು ಭಾಷಣಕ್ಕಿಂತ ಈ ಒಂದು ಪ್ರಶ್ನೆಗೆ ನಾವು ಹೆದರುತ್ತೇವೆ.

ಅಡ್ಮಿಶನ್ ಬಗ್ಗೆ ಒಂದು. ನಿಮ್ಮ ಮಕ್ಕಳು ಹೊರಗಿನಿಂದ ನೇರವಾಗಿ ಬರುವುದಿಲ್ಲ, ಮೊದಲ ವರ್ಷದ ಫೌಂಡೇಶನ್ ಮುಗಿಸಿ ಆಯ್ಕೆ ಮಾಡಿಕೊಳ್ಳುತ್ತಾರೆ ಅಲ್ವಾ? ಹಾಗಿದ್ದರೆ ಫೌಂಡೇಶನ್‌ಗೆ ಪಾಠ ಮಾಡುವವರು ಯಾರು? ಸಾಮಾನ್ಯವಾಗಿ ಹೊಸಬರನ್ನು ತಳ್ಳಿಬಿಡುತ್ತಾರೆ. ನೀವು, ನಿಮ್ಮ ಶಿಲ್ಪದ ಗುರುಗಳು ಇಬ್ಬರೂ ಅಲ್ಲಿ ಹೋಗಿ ನಿಲ್ಲಿ. ಜಿಲ್ಲೆಯ ಹೈಸ್ಕೂಲ್ ಡ್ರಾಯಿಂಗ್ ಟೀಚರುಗಳನ್ನು, ಮೇಲೆ ಬರೆದ ಪಾವಗಡದ ಮೇಡಂ ಥರದವರನ್ನು, ವರ್ಷಕ್ಕೆ ಒಂದು ಸಲ ಕರೆದು ಊಟ ಹಾಕಿ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳೆಲ್ಲ ಅವರ ಕೈಯಲ್ಲೇ ಇರುವುದು. ಪೇಪರ್ ಜಾಹೀರಾತಿಗಿಂತ ಅಗ್ಗ.

---

ಖಾಲಿ ಈಸಲ್

ಟ್ರಸ್ಟಿನ ಸಾರ್ ಹೇಳಿದ್ದು ಕೇಳಲು ಚೆನ್ನಾಗಿದೆ. ಆ ಹಾಳೆ ಮಾಡುವವನು ಯಾವಾಗ ಪೇಂಟ್ ಮಾಡುತ್ತಾನೆ ಅಂತ ಮಾತ್ರ ಯಾರೂ ಹೇಳಲಿಲ್ಲ.

---

ಕೈದಾಳದ ಕುಂಚ

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

ಈಸಲ್ ಅವರೇ, ನಿಮ್ಮ ಪ್ರಶ್ನೆ ಚುಚ್ಚಿತು. ವಾರದಲ್ಲಿ ಒಂದು ಪೂರ್ತಿ ದಿನ ಕ್ಲಾಸೂ ಬೇಡ ಮೀಟಿಂಗೂ ಬೇಡ ಅಂತ ಬರೆಸಿಕೊಳ್ಳುವುದು ನನ್ನ ಮೊದಲ ಷರತ್ತು. ಅದನ್ನು ರಜೆ ಅನ್ನುವುದಿಲ್ಲ, ಆ ದಿನ ಕಾಲೇಜಿನ ಸ್ಟುಡಿಯೋದಲ್ಲೇ ಮಕ್ಕಳ ನಡುವೆ ಈಸಲ್ ಹಾಕಿಕೊಂಡು ಕೆಲಸ ಮಾಡುತ್ತೇನೆ ಅಂತ ಹೇಳುವ ಯೋಚನೆ. ಮೇಷ್ಟ್ರು ಒದ್ದಾಡುವುದನ್ನೂ ಮಕ್ಕಳು ನೋಡಲಿ. ಎರಡನೆಯದು ಟೈಮ್‌ಟೇಬಲ್, ಮೂರನೆಯದು ಪ್ರೆಸ್ ರೂಮ್ ಎರಡು ವರ್ಷ ಮುಟ್ಟುವಂತಿಲ್ಲ. ಇವು ಸಿಗದಿದ್ದರೆ ಈಗಿರುವ ಹಾಗೇ ಇರುತ್ತೇನೆ. ನಿನ್ನೆ ಸಂಜೆ ಶಿಲ್ಪದ ಮೇಷ್ಟ್ರ ಮನೆಗೆ ಹೋಗಿ ಬಂದೆ. "ಸದ್ಯ ನನಗೆ ಹೇಳಲಿಲ್ಲವಲ್ಲ ಪುಣ್ಯಾತ್ಮರು" ಅಂತ ನಕ್ಕರು. ಗೂಳೂರಿನ ವಿಷಯ ಎತ್ತಿದ್ದೇ ತಡ, ಅರ್ಧ ಗಂಟೆ ಮಣ್ಣಿನ ಬಗ್ಗೆ ಮಾತು.

ಈಗ ಉಳಿದದ್ದು ದುಡ್ಡು. ಸಾಮಾನಿಗೆ, ಮಾಡೆಲ್‌ಗೆ, ಲೇಪಾಕ್ಷಿ ಬಸ್ಸಿಗೆ. ಫೀಸು ಏರಿಸುವುದಕ್ಕೆ ಆಗುವುದಿಲ್ಲ.

---

ನಿವೃತ್ತ ಡ್ರಾಯಿಂಗ್ ಮೇಷ್ಟ್ರು (ಕೋಲಾರ)

ಮೇಳ ಮಾಡಿ. ಶಾಂತಿನಿಕೇತನದ ಕಲಾಭವನದಲ್ಲಿ 1973ರಿಂದ ನಂದನ ಮೇಳ ನಡೆಯುತ್ತಿದೆ, ಅಲ್ಲಿ ಹಿಂದೆ ಮುಖ್ಯಸ್ಥರಾಗಿದ್ದ ಕಲಾವಿದ ನಂದಲಾಲ್ ಬೋಸ್ ಹುಟ್ಟಿದ ದಿನ ಡಿಸೆಂಬರ್ 3, ಅದಕ್ಕೆ ಮುಂಚಿನ ಎರಡು ದಿನ. ಮೇಷ್ಟ್ರುಗಳು, ಮಕ್ಕಳು ಸೇರಿ ಮಾಡಿದ ಪ್ರಿಂಟು, ಕುಂಡ, ಕ್ಯಾಲೆಂಡರ್, ಗೊಂಬೆ ಮಾರುತ್ತಾರೆ, ಬಂದ ದುಡ್ಡು ವಿದ್ಯಾರ್ಥಿಗಳ ನಿಧಿಗೆ. ಬರೋಡಾದಲ್ಲೂ ಫೈನ್ ಆರ್ಟ್ಸ್ ಫೇರ್ ಅಂತ ಮಾಡುತ್ತಿದ್ದರು, ದೊಡ್ಡ ದೊಡ್ಡ ಕಲಾವಿದರು ಕೂತು ಮಕ್ಕಳ ಜೊತೆ ಆಟಿಕೆ ಮಾಡಿದ್ದಾರೆ. ನಿಮಗೆ ಊರಿನಲ್ಲೇ ಗಾಜಿನ ಮನೆ ಇದೆ. ಬೆಂಗಳೂರಿನ ಚಿತ್ರಸಂತೆಗೆ ಜನವರಿಯಲ್ಲಿ ಒಂದು ಮಳಿಗೆ ಕೇಳಿಕೊಂಡು ಮಕ್ಕಳನ್ನು ಕೂರಿಸಿ, ಬೆಲೆ ಹೇಳುವುದು, ಚೌಕಾಸಿಗೆ ಜಗ್ಗದಿರುವುದು ಅಲ್ಲೇ ಕಲಿಯಲಿ. ಝಿಂಕ್ ಪ್ಲೇಟ್ ಅವರು ಹೇಳಿದ ಲಿನೋ ಪ್ರಿಂಟು ಇಂಥ ಕಡೆಗೇ ಸರಿ, ಒಂದು ಬ್ಲಾಕಿನಿಂದ ಐವತ್ತು ತೆಗೆದರೆ ಕಡಿಮೆ ಬೆಲೆಗೆ ಮಾರಬಹುದು.

ಒಂದೇ ಎಚ್ಚರಿಕೆ. ಬಂದ ದುಡ್ಡು ಕಾಲೇಜಿನ ಸಾಮಾನ್ಯ ಖಾತೆಗೆ ಹೋಗಬಾರದು. ಹೋದರೆ ಕಾಂಪೌಂಡಿಗೆ ಬಣ್ಣ ಹೊಡೆಸುತ್ತಾರೆ. ವಿಭಾಗದ ಹೆಸರಿನಲ್ಲಿ ಬೇರೆ ಖಾತೆ, ನಿಮ್ಮ ಸಹಿ ಒಂದು, ಸೆಕ್ರೆಟರಿ ಸಹಿ ಒಂದು. ಲೆಕ್ಕವನ್ನು ನೋಟಿಸ್ ಬೋರ್ಡಿನಲ್ಲಿ ಅಂಟಿಸಿ.

---

ಟ್ರಸ್ಟಿನ ಕಡೆಯವನು

ಕಾಂಪೌಂಡಿನ ಮಾತು ಬೇಕಿರಲಿಲ್ಲ ಮೇಷ್ಟ್ರೇ, ಆದರೆ ನಿಜ. ಖಾತೆ ತೆರೆಯಲು ಟ್ರಸ್ಟಿನ ಠರಾವು ಬೇಕಾಗುತ್ತದೆ, ಅದನ್ನು ಆರ್ಡರ್ ಕಾಪಿ ತೆಗೆದುಕೊಳ್ಳುವ ಮುಂಚೆಯೇ ಮಾಡಿಸಿಕೊಳ್ಳಿ. ಆಮೇಲೆ ಆದರೆ ಮೂರು ಮೀಟಿಂಗ್ ಮುಂದಕ್ಕೆ ಹೋಗುತ್ತದೆ.

---

ಝಿಂಕ್ ಪ್ಲೇಟ್ (ಚಿಕ್ಕಬಳ್ಳಾಪುರ)

ನಿಮ್ಮ ಪ್ರೆಸ್ಸಿನ ಬೆಡ್ ಅಳತೆ ಮತ್ತು ಫೆಲ್ಟ್ ಹೇಗಿದೆ ಅಂತ ಒಂದು ಫೋಟೋ ಹಾಕಿ. ಫೆಲ್ಟ್ ಗಟ್ಟಿಯಾಗಿದ್ದರೆ ಎಸೆಯಬೇಡಿ, ತೊಳೆದರೆ ಕೆಲವು ಸಲ ಸರಿಹೋಗುತ್ತದೆ. ಹೇಗೆ ಅಂತ ಬರೆಯುತ್ತೇನೆ.